ಚಿಂತೆ, ಅಂಜಿಕೆ ಮತ್ತು ರಕ್ತದ ಸಕ್ಕರೆ
(ಉತ್ಸವದ ಆರೋಗ್ಯ ಗೋಷ್ಠಿಯಲ್ಲಿ ನೀಡಿದ ಉಪನ್ಯಾಸದ ಪಾಠ)



ದಾಳಿಂಬದಂಥ ಊರಿನಲ್ಲಿ ಯಾರಿಗಾದರೂ ಶುಗರ್ ಇದೆ ಎಂದು ಗೊತ್ತಾದ ಕೂಡಲೇ ಮನೆಮಂದಿ ಆಡುವ ಮೊದಲ ಮಾತು ಒಂದೇ: “ಚಿಂತಿ ಮಾಡಿ ಮಾಡಿ ಬಂತು.” ಇದನ್ನು ಹಳೆಯ ಕಾಲದವರ ಮಾತೆಂದು ತಳ್ಳಿಹಾಕುವಂತಿಲ್ಲ. ಪೂರ್ತಿ ನಿಜವೆಂದು ಒಪ್ಪುವಂತೆಯೂ ಇಲ್ಲ. ಎಷ್ಟು ನಿಜ, ಎಲ್ಲಿಯವರೆಗೆ ನಿಜ ಎಂಬುದೇ ಇಂದಿನ ವಿಷಯ.

1993ರ ಸೆಪ್ಟೆಂಬರ್ 30ರ ನಸುಕನ್ನು ಈ ಭಾಗದ ಹಿರಿಯರಾರೂ ಮರೆತಿಲ್ಲ. ಗಣಪತಿ ವಿಸರ್ಜನೆ ಮುಗಿಸಿ ಮಲಗಿದ್ದ ಜನರ ಮೇಲೆ, ನಾಲ್ಕು ಗಂಟೆ ಹೊಡೆಯುವ ಮುನ್ನವೇ, ಕಿಲ್ಲಾರಿ, ಸಾಸ್ತೂರು ಸೀಮೆಯ ಕಲ್ಲುಮಣ್ಣಿನ ಮಾಳಿಗೆ ಮನೆಗಳು ಕುಸಿದವು. ಸಾವಿರಾರು ಜನ ತೀರಿಕೊಂಡರು. ಉಳಿದವರು ಕತ್ತಲೆಯಲ್ಲಿ ಬರಿಗೈಯಿಂದ ಕಲ್ಲು ಎತ್ತಿ ಎಸೆದು ತಮ್ಮವರನ್ನು ಹುಡುಕಿದರು. ಹೊಟ್ಟೆಗೆ ಕೂಳಿಲ್ಲದ ಆ ಹೊತ್ತಿನಲ್ಲಿ ಅಷ್ಟು ಕಸುವು ಎಲ್ಲಿಂದ ಬಂತು?

ಎರಡೂ ಮೂತ್ರಪಿಂಡಗಳ ನೆತ್ತಿಯ ಮೇಲೆ ಟೋಪಿಯಂತೆ ಕೂತ ಎರಡು ಚಿಕ್ಕ ಗ್ರಂಥಿಗಳಿವೆ. ಒಂದೊಂದರ ತೂಕ ನಾಲ್ಕೈದು ಗ್ರಾಂ ಅಷ್ಟೆ. ಇವೇ ಅಡ್ರಿನಲ್ ಗ್ರಂಥಿಗಳು. ಅಂಜಿಕೆಯಾದ ಕ್ಷಣಕ್ಕೆ ಇವುಗಳ ಒಳತಿರುಳಿನಿಂದ ಅಡ್ರಿನಲಿನ್ ಎಂಬ ರಸ ರಕ್ತಕ್ಕೆ ಇಳಿಯುತ್ತದೆ. ಅದು ಯಕೃತ್ತಿಗೆ ಹೋಗಿ, ಅಲ್ಲಿ ಕೂಡಿಟ್ಟ ಸಕ್ಕರೆಯ ಹಗೇವು ತೆರೆಸುತ್ತದೆ. ಇನ್ಸುಲಿನ್ ಹೊರಬೀಳುವುದನ್ನು ಸ್ವಲ್ಪ ಹೊತ್ತು ತಡೆಯುತ್ತದೆ. ಓಡಲಿಕ್ಕೆ, ಹೊಡೆದಾಡಲಿಕ್ಕೆ, ಕಲ್ಲು ಎತ್ತಲಿಕ್ಕೆ ಬೇಕಾದ ಇಂಧನ ಹೀಗೆ ರಕ್ತದಲ್ಲಿ ಸಿದ್ಧವಾಗುತ್ತದೆ. ದೇಹದ ಈ ಏರ್ಪಾಡು ನಮ್ಮನ್ನು ಉಳಿಸಲೆಂದೇ ಇದೆ.

ಅಮೆರಿಕದ ವಾಲ್ಟರ್ ಕ್ಯಾನನ್ ಎಂಬ ಶರೀರಶಾಸ್ತ್ರಜ್ಞ 1915ರಲ್ಲಿ ಪ್ರಕಟಿಸಿದ ಪುಸ್ತಕದಲ್ಲಿ ಒಂದು ಸೊಗಸಾದ ಸಂಗತಿ ಇದೆ. ಹಾರ್ವರ್ಡ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡದ 25 ಜನರ ಮೂತ್ರವನ್ನು ದೊಡ್ಡ ಪಂದ್ಯವೊಂದು ಮುಗಿದ ಕೂಡಲೇ ಪರೀಕ್ಷಿಸಿದಾಗ 12 ಜನರಲ್ಲಿ ಸಕ್ಕರೆ ಕಂಡಿತು. ಆ ಹನ್ನೆರಡರಲ್ಲಿ ಐವರು ಮೈದಾನಕ್ಕೆ ಇಳಿದೇ ಇರಲಿಲ್ಲ. ಬದಲಿ ಆಟಗಾರರಾಗಿ ಬದಿಯಲ್ಲಿ ಕೂತು ಕಾತರಪಟ್ಟವರು. ಮೈ ದಣಿಯದಿದ್ದರೂ ಮನಸ್ಸಿನ ತಳಮಳ ಒಂದೇ ಸಾಕಾಯಿತು. ಅವರಿಗೆ ಮಧುಮೇಹವಿರಲಿಲ್ಲ; ತಳಮಳ ಇಳಿದಂತೆ ಸಕ್ಕರೆಯೂ ಇಳಿಯುವಂಥದು.

ತೊಂದರೆ ಇರುವುದು ಇಳಿಯದ ತಳಮಳದಲ್ಲಿ. ಅದೇ ಗ್ರಂಥಿಯ ಹೊರಪದರದಿಂದ ಕಾರ್ಟಿಸಾಲ್ ಎಂಬ ಇನ್ನೊಂದು ರಸ ಬರುತ್ತದೆ. ಅಡ್ರಿನಲಿನ್ ಕೆಲಸ ನಿಮಿಷಗಳದ್ದಾದರೆ, ಇದರ ಕೆಲಸ ತಾಸುಗಳದ್ದು, ದಿನಗಳದ್ದು. ಸ್ನಾಯುಗಳ ಸಾರವನ್ನು ಕರಗಿಸಿ ಯಕೃತ್ತಿನಲ್ಲಿ ಹೊಸ ಸಕ್ಕರೆ ಮಾಡಿಸುತ್ತದೆ. ಇನ್ಸುಲಿನ್ ಬಂದು ಬಾಗಿಲು ಬಡಿದರೂ ಜೀವಕೋಶಗಳು ಬೇಗ ತೆರೆಯದ ಹಾಗೆ ಮಾಡುತ್ತದೆ. ನಡುರಾತ್ರಿ ಕಡಿಮೆ ಇರುವ ಕಾರ್ಟಿಸಾಲ್ ನಸುಕಿನಿಂದ ಏರುತ್ತ ಏಳುವ ಹೊತ್ತಿಗೆ ಹೆಚ್ಚಾಗಿರುತ್ತದೆ. “ರಾತ್ರಿ ಒಂದೇ ರೊಟ್ಟಿ ತಿಂದು ಮಲಗೀನಿ, ಮುಂಜಾನೆ ಶುಗರ್ ಹೆಂಗ ಏರಿತು?” ಎಂದು ಕೇಳುವವರಿಗೆ ಉತ್ತರ ಬಹುಮಟ್ಟಿಗೆ ಇಲ್ಲಿದೆ. ತಿನ್ನದಿದ್ದರೂ ಯಕೃತ್ತು ಸಕ್ಕರೆ ಬಿಡುತ್ತದೆ. ಪಂಪಿಗೆ ಕರೆಂಟು ಬರುವುದನ್ನು ಕಾದು ರಾತ್ರಿ ಹೊಲದಲ್ಲಿ ನೀರು ಹಾಯಿಸುವ ರೈತನ ನಿದ್ದೆ ಕೆಟ್ಟರೆ ಇನ್ಸುಲಿನ್ನಿನ ಮಾತು ಇನ್ನಷ್ಟು ನಡೆಯದಾಗುತ್ತದೆ.

ಜಪಾನಿನ ಕೋಬೆ ನಗರದಲ್ಲಿ 1995ರ ಜನವರಿ 17ರಂದು ಭೂಕಂಪವಾಯಿತು. ಅಲ್ಲಿನ ವೈದ್ಯರು ತಮ್ಮ ಮಧುಮೇಹಿಗಳ ರಕ್ತವನ್ನು ಮುಂದಿನ ತಿಂಗಳುಗಳಲ್ಲಿ ಪರೀಕ್ಷಿಸಿದಾಗ, ಹಿಡಿತದಲ್ಲಿದ್ದ ಸಕ್ಕರೆ ಏರಿದ್ದು ಕಂಡಿತು. ಮನೆ ಕಳೆದುಕೊಂಡದ್ದು, ಮನೆಯವರನ್ನು ಕಳೆದುಕೊಂಡದ್ದು, ಊಟ-ಔಷಧಿಯ ಕ್ರಮ ತಪ್ಪಿದ್ದು, ಎಲ್ಲವೂ ಕೂಡಿಯೇ ಆದದ್ದು ಅದು. ಬರ, ಸಾಲ, ಬೆಳೆ ಹಾನಿ ಇವುಗಳಿಗೆ ಭೂಕಂಪದಂತೆ ತಾರೀಖು ಇರುವುದಿಲ್ಲ, ಅಷ್ಟೇ ವ್ಯತ್ಯಾಸ.

ಹಾಗಾದರೆ ಚಿಂತೆಯೊಂದರಿಂದಲೇ ಸಕ್ಕರೆ ರೋಗ ಹುಟ್ಟುತ್ತದೆಯೇ? ಹಾಗೆ ಹೇಳಲಾಗದು. ವಂಶ, ಹೊಟ್ಟೆಯ ಬೊಜ್ಜು, ಕಡಿಮೆಯಾದ ದುಡಿಮೆ, ವಯಸ್ಸು ಇವು ನೆಲ ಹದಗೊಳಿಸುತ್ತವೆ. ಚಿಂತೆ ಅದಕ್ಕೆ ನೀರುಣಿಸುತ್ತದೆ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 10.1 ಕೋಟಿ ಮಧುಮೇಹಿಗಳಿದ್ದಾರೆ. ಅವರೆಲ್ಲ ಚಿಂತೆಗಾರರು, ಉಳಿದವರೆಲ್ಲ ನಿಶ್ಚಿಂತರು ಎನ್ನಲಾದೀತೇ? ಮೈಸೂರಿನ ಹೋಲ್ಡ್ಸ್‌ವರ್ತ್ ಸ್ಮಾರಕ ಆಸ್ಪತ್ರೆಯಲ್ಲಿ ಹುಟ್ಟಿದ ಮಕ್ಕಳನ್ನು ವೈದ್ಯರು ವರ್ಷಗಟ್ಟಲೆ ಹಿಂಬಾಲಿಸಿ ನೋಡುತ್ತ ಬಂದಿದ್ದಾರೆ. ಹದಿಮೂರರ ಆಸುಪಾಸಿನಲ್ಲಿ ಅವರನ್ನು ಅಪರಿಚಿತರ ಮುಂದೆ ನಿಲ್ಲಿಸಿ ಭಾಷಣ ಮಾಡಿಸಿದರು, ಬಾಯಿಲೆಕ್ಕ ಕೇಳಿದರು. ಬಸಿರಿನಲ್ಲಿ ತಾಯಿಗೆ ಮಧುಮೇಹವಿದ್ದ ಮಕ್ಕಳಲ್ಲಿ ರಕ್ತದೊತ್ತಡ ಉಳಿದ ಮಕ್ಕಳಿಗಿಂತ ಹೆಚ್ಚು ಏರಿತು. ಒತ್ತಡವನ್ನು ತಾಳುವ ಬಗೆಯ ಮೇಲೂ ಗರ್ಭದ ಮುದ್ರೆ ಇರಬಹುದೆಂದಾಯಿತು. ಬಸುರಿ ಹೆಣ್ಣುಮಕ್ಕಳ ಸಕ್ಕರೆ ಪರೀಕ್ಷೆಯನ್ನು ಮನೆಯ ಹಿರಿಯರು ಹಗುರಾಗಿ ಕಾಣಬಾರದೆನ್ನುವುದು ಇದಕ್ಕೇ.

ಇನ್ನು, ಚಿಂತೆಗಿಂತ ಹೆಚ್ಚು ಎಚ್ಚರ ಬೇಕಾದ ಒಂದು ಸಂಗತಿ ಇದೆ. ಕಾರ್ಟಿಸಾಲನ್ನು ಹೋಲುವ ರಸವನ್ನೇ ಔಷಧಿ ಮಾಡಿ ಮಾರುತ್ತಾರೆ. ಅದರ ಹೆಸರು ಸ್ಟಿರಾಯ್ಡ್. ದಮ್ಮು, ಸಂಧಿವಾತ, ಚರ್ಮರೋಗಗಳಲ್ಲಿ ಅದು ಪ್ರಾಣ ಉಳಿಸುವ ಔಷಧಿ. ಕೊರೊನಾ ಕಾಲದಲ್ಲಿ ಆಮ್ಲಜನಕ ಬೇಕಾದ ರೋಗಿಗಳನ್ನು ಉಳಿಸಿದ್ದೂ ಡೆಕ್ಸಾಮೆಥಸೋನ್ ಎಂಬ ಅಗ್ಗದ ಸ್ಟಿರಾಯ್ಡೇ. ಆದರೆ 2021ರ ಎರಡನೇ ಅಲೆಯಲ್ಲಿ ಅದನ್ನು ಬೇಕಿಲ್ಲದವರಿಗೂ ಕೊಟ್ಟರು, ಬೇಕಾದುದಕ್ಕಿಂತ ಹೆಚ್ಚು ದಿನ ಕೊಟ್ಟರು. ಸಕ್ಕರೆ ಮಿತಿಮೀರಿದ ರಕ್ತದಲ್ಲಿ ಕಪ್ಪು ಶಿಲೀಂಧ್ರ ಬೆಳೆಯಿತು. ಮಹಾರಾಷ್ಟ್ರ, ಕರ್ನಾಟಕಗಳಲ್ಲಿ ಸಾವಿರಾರು ಜನ ಅದಕ್ಕೆ ತುತ್ತಾದರು. ಜೀವ ಉಳಿಸಲು ಕಣ್ಣನ್ನೇ ತೆಗೆಯಬೇಕಾದವರೂ ಇದ್ದರು. ಸ್ಟಿರಾಯ್ಡ್, ಸಕ್ಕರೆ, ಸೋಂಕು ಈ ಮೂರೂ ಒಂದಾದರೆ ಏನಾಗುತ್ತದೆಂಬುದನ್ನು ದೇಶ ಕಣ್ಣಾರೆ ಕಂಡಿತು.

ಮೊಣಕಾಲು ನೋವಿಗೆಂದು ಸಂತೆಯಲ್ಲಿ ಸಿಗುವ ಹೆಸರಿಲ್ಲದ ಪುಡಿ, ಗುಳಿಗೆಗಳಲ್ಲಿಯೂ ಇದನ್ನು ಬೆರೆಸಿರುವುದುಂಟು. ಎರಡೇ ದಿನದಲ್ಲಿ ನೋವು ಮಾಯ, ಹಸಿವೆ ಜೋರು, ಮುಖ ದುಂಡಗೆ. ‘ಔಷಧಿ ಹತ್ತಿತು’ ಎಂದು ಮನೆಯವರಿಗೆ ಸಂತೋಷ. ಒಳಗೆ ಸಕ್ಕರೆ ಏರುತ್ತಿರುತ್ತದೆ. ಮುಂಜಾನೆ ಸ್ಟಿರಾಯ್ಡ್ ಗುಳಿಗೆ ನುಂಗುವವರಲ್ಲಿ ಸಕ್ಕರೆ ಏರುವುದು ಮುಖ್ಯವಾಗಿ ಮಧ್ಯಾಹ್ನದಿಂದ ಸಂಜೆಯವರೆಗೆ. ಬರಿಹೊಟ್ಟೆಯ ಪರೀಕ್ಷೆಯಷ್ಟೇ ಮಾಡಿಸಿ ‘ನಾರ್ಮಲ್ ಅದ’ ಎಂದು ನಿಶ್ಚಿಂತರಾದವರು ಮೋಸ ಹೋಗಬಹುದು. ಮಧ್ಯಾಹ್ನದ ಊಟವಾದ ಎರಡು ತಾಸಿಗೆ ಇನ್ನೊಮ್ಮೆ ನೋಡಿಸಬೇಕು.

ಆದರೆ ಈ ಮಾತು ಕೇಳಿ, ಮನೆಗೆ ಹೋದವರೇ ಗುಳಿಗೆ ಎಸೆದುಬಿಡಬಾರದು. ವಾರಗಟ್ಟಲೆ ಹೊರಗಿನಿಂದ ರಸ ಸಿಕ್ಕರೆ ಅಡ್ರಿನಲ್ ಗ್ರಂಥಿ ತನ್ನ ಕೆಲಸ ಮರೆತು ಮಲಗಿರುತ್ತದೆ. ಗುಳಿಗೆ ಒಮ್ಮೆಲೇ ನಿಂತರೆ ವಾಂತಿ, ನಿತ್ರಾಣ, ರಕ್ತದೊತ್ತಡ ಕುಸಿತ. ಸಕ್ಕರೆಯೂ ಕುಸಿದು ಪ್ರಾಣಕ್ಕೆ ಬರಬಹುದು. ವೈದ್ಯರು ಹೇಳಿದಂತೆ ಮೆಲ್ಲಗೆ ಇಳಿಸಬೇಕು. ಗ್ರಂಥಿ ತಾನಾಗಿಯೇ ಬತ್ತುವುದೂ ಉಂಟು. 1855ರಲ್ಲಿ ಲಂಡನ್ನಿನ ಥಾಮಸ್ ಅಡಿಸನ್ ವಿವರಿಸಿದ ಈ ರೋಗಕ್ಕೆ ನಮ್ಮ ದೇಶದಲ್ಲಿ ಕ್ಷಯವೂ ಒಂದು ಕಾರಣ. ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಕಾರಣವಿಲ್ಲದೆ ಕಡಿಮೆ ಇನ್ಸುಲಿನ್ ಸಾಕಾಗತೊಡಗಿ, ಜೊತೆಗೆ ಮೈ ಕಪ್ಪಾಗಿ ತೂಕ ಇಳಿದರೆ ‘ಶುಗರ್ ವಾಸಿಯಾಯಿತು’ ಎಂದು ಹಿಗ್ಗದೆ ವೈದ್ಯರಿಗೆ ತೋರಿಸಬೇಕು. ‘ಅಡ್ರಿನಲ್ ದಣಿದಿದೆ’ ಎಂದು ಟಾನಿಕ್ ಮಾರುವವರ ಮಾತು ಬೇರೆ. ವೈದ್ಯಶಾಸ್ತ್ರದಲ್ಲಿ ಅಂಥದೊಂದು ರೋಗವಿಲ್ಲ.

ಉತ್ಸವದ ದಿನಕ್ಕೆ ಸಂಬಂಧಿಸಿ ಒಂದು ಮಾತು. ಪಲ್ಲಕ್ಕಿ ಬರುವವರೆಗೆ ಉಪವಾಸವಿದ್ದು, ಶುಗರ್ ಗುಳಿಗೆ ಮಾತ್ರ ನುಂಗಿ ಬಿಸಿಲಲ್ಲಿ ನಿಲ್ಲುವ ಹಿರಿಯರಿರುತ್ತಾರೆ. ಸಕ್ಕರೆ 70ಕ್ಕಿಂತ ಇಳಿದರೆ ದೇಹ ಗಾಬರಿಗೊಂಡು ಅದೇ ಅಡ್ರಿನಲಿನ್ನನ್ನು ಬಿಡುತ್ತದೆ: ಬೆವರು, ಕೈನಡುಕ, ಎದೆಬಡಿತ. ನೋಡುವವರು ಅಂಜಿಕೆ ಎಂದೋ ಮೈಮೇಲೆ ಬಂತೆಂದೋ ತಿಳಿದು ಸುಮ್ಮನಾದರೆ ಪ್ರಜ್ಞೆ ತಪ್ಪುತ್ತದೆ. ಎಚ್ಚರವಿದ್ದು ನುಂಗಬಲ್ಲವರಿಗೆ ಮೂರು ಚಮಚ ಸಕ್ಕರೆ ನೀರಿನಲ್ಲಿ ಕದಡಿ ಕೂಡಲೇ ಕುಡಿಸಬೇಕು; ಕಾಲು ತಾಸಿನಲ್ಲಿ ಸರಿಹೋಗದಿದ್ದರೆ ಮತ್ತೊಮ್ಮೆ, ಆಮೇಲೆ ಊಟ. ಎಚ್ಚರ ತಪ್ಪಿದವರ ಬಾಯಿಗೆ ಏನನ್ನೂ ಸುರಿಯದೆ ಒಂದು ಮಗ್ಗುಲಿಗೆ ಮಲಗಿಸಿ ದವಾಖಾನೆಗೆ ಒಯ್ಯಬೇಕು. ಉಪವಾಸ ಮಾಡಲೇಬೇಕೆನ್ನುವವರು ಗುಳಿಗೆ, ಇನ್ಸುಲಿನ್ನಿನ ಪ್ರಮಾಣವನ್ನು ವೈದ್ಯರಲ್ಲಿ ಮೊದಲೇ ಕೇಳಿಕೊಳ್ಳಬೇಕು. ಪ್ರಸಾದ ಹಂಚುವ ಸ್ವಯಂಸೇವಕರ ಹತ್ತಿರ ಒಂದು ಡಬ್ಬಿ ಸಕ್ಕರೆ, ಒಂದು ತಂಬಿಗೆ ನೀರು ಸದಾ ಇರಲಿ.