ಅಡುಗೆಮನೆಯ ಸೋಪಿಗೂ ಲೈಸೆನ್ಸ್ ಬೇಕು

ಈಗ ಮೊಬೈಲ್ ತೆರೆದರೆ ಸಾಕು, ಒಂದಲ್ಲ ಒಂದು ಇಂಥ ಜಾಹೀರಾತು ಕಣ್ಣಿಗೆ ಬಿದ್ದೇ ಬೀಳುತ್ತೆ. ಒಂದೇ ದಿನದಲ್ಲಿ ಸೋಪು, ಮಸಾಜ್ ಎಣ್ಣೆ, ಬಾತ್ ಸಾಲ್ಟ್ ಮಾಡೋದು ಕಲೀರಿ, ಮನೆಯಲ್ಲೇ ಕೂತು ದುಡೀರಿ ಅಂತ. ಕಲಿಯೋಕೆ ಹೋಗುವವರು ಯಾರು? ಮಗುವಿಗಾಗಿ ಕೆಲಸ ಬಿಟ್ಟ ತಾಯಂದಿರು, ಸ್ವಸಹಾಯ ಸಂಘದ ಹೆಣ್ಣುಮಕ್ಕಳು. ಬಂಡವಾಳ? ಸಂಘದ ಸಾಲ, ಇಲ್ಲವೇ ಅಡವಿಟ್ಟ ಬಳೆ.

ಇವರ ಉತ್ಸಾಹಕ್ಕೆ ತಣ್ಣೀರು ಎರಚೋದು ನನ್ನ ಉದ್ದೇಶ ಅಲ್ಲ. ದಿನವಿಡೀ ದುಡಿದು ಬಂದವರು ಅರ್ಧ ಗಂಟೆಯ ನೆಮ್ಮದಿಗೆ ದುಡ್ಡು ಕೊಡೋಕೆ ತಯಾರಿದ್ದಾರೆ. ನನ್ನ ತಕರಾರು ಇರೋದು ಆ ತರಗತಿಯಲ್ಲಿ ಹೇಳದೇ ಬಿಡುವ ಮಾತಿನ ಬಗ್ಗೆ.

ಮೈಗೆ ಹಚ್ಚುವ ಸೋಪು, ಎಣ್ಣೆ, ಕ್ರೀಮು ತಯಾರಿಸಿ ಮಾರೋದಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ, 2020ರ ಕಾಂತಿವರ್ಧಕ ನಿಯಮಗಳ ಪ್ರಕಾರ ಲೈಸೆನ್ಸ್ ಬೇಕು. ದೊಡ್ಡ ಫ್ಯಾಕ್ಟರಿಯೋ, ನಿಮ್ಮ ಅಡುಗೆಮನೆಯೋ, ಕಾನೂನು ಒಂದೇ. ಲೇಬಲ್ ಮೇಲೆ ತಯಾರಕರ ವಿಳಾಸ, ಲೈಸೆನ್ಸ್ ನಂಬರ್, ಎಲ್ಲಿಯವರೆಗೆ ಬಳಸಬಹುದು ಅನ್ನೋದೆಲ್ಲ ಇರಲೇಬೇಕು. 'ನಮ್ಮ ಹತ್ರ ಉದ್ಯಮ್ ಸರ್ಟಿಫಿಕೇಟ್ ಇದೆಯಲ್ಲ ಸಾರ್' ಅಂತ ಕೇಳುವವರಿದ್ದಾರೆ. ಅದು ನೋಂದಣಿ ಅಷ್ಟೆ. ಸೋಪು ಮಾಡೋಕೆ ಅನುಮತಿ ಅಲ್ಲ.

ಇನ್ನು ಮಂಡಿ ನೋವು ಹೋಗುತ್ತೆ, ನಿದ್ರಾಹೀನತೆ ವಾಸಿ ಆಗುತ್ತೆ ಅಂತ ಬಾಟಲಿ ಮೇಲೆ ಬರೆದರೋ, ಅದು ಕಾಂತಿವರ್ಧಕವಾಗಿ ಉಳಿಯೋದಿಲ್ಲ, ಔಷಧವಾಗುತ್ತೆ. ಆಗ ಬೇರೆಯದೇ ಲೈಸೆನ್ಸ್.

ಇದೇನು ಬರೀ ಕಾಗದಪತ್ರದ ಕಾಟ ಅಂದ್ಕೋಬೇಡಿ. ಸೋಪಿಗೆ ಹಾಕೋದು ಕಾಸ್ಟಿಕ್ ಸೋಡಾ. ಅದನ್ನು ನೀರಿಗೆ ಹಾಕಬೇಕು, ಅದರ ಮೇಲೆ ನೀರು ಸುರಿಯಬಾರದು. ಸುರಿದರೆ ಕುದಿದು ಮುಖಕ್ಕೇ ಸಿಡಿಯಬಹುದು. ಅಳತೆ ತಪ್ಪಿದರೆ ಕೊಂಡವರ ಚರ್ಮ ಸುಡುತ್ತೆ. ಮೊದಲ ಮಹಾಯುದ್ಧದಲ್ಲಿ ಗಂಧದ ರಫ್ತು ನಿಂತಾಗ ಮೈಸೂರು ಸರ್ಕಾರ ಸೋಪು ಮಾಡೋಕೆ ಹೊರಟಿತು. ಮೊದಲು ಮಾಡಿದ್ದೇನು? ಗರಳಪುರಿ ಶಾಸ್ತ್ರಿಗಳನ್ನು ಲಂಡನ್‌ಗೆ ಕಳಿಸಿ ಕಲಿಸಿದ್ದು. ಮೈಸೂರು ಸ್ಯಾಂಡಲ್ ಬಂದದ್ದು ಹಾಗೆ. ನಮ್ಮ ಹೆಣ್ಣುಮಕ್ಕಳಿಗೆ ಮಾತ್ರ ಒಂದು ದಿನ, ಮಧ್ಯಾಹ್ನದ ಊಟ ಸೇರಿ!

ಹಾಗಾದ್ರೆ ದಾರಿ ಇಲ್ವಾ? ಇದೆ. ಸುವಾಸನೆಯ ಮೇಣದಬತ್ತಿ, ಲಾವಂಚದ ಚೀಲ, ಕಣ್ಣಿನ ಮೇಲಿಡುವ ದಿಂಬು, ಇವು ಮೈಗೆ ಹಚ್ಚುವ ವಸ್ತುಗಳಲ್ಲ, ಹಾಗಾಗಿ ಈ ಲೈಸೆನ್ಸ್ ಬೇಡ. ಕೈ ಕುದುರೋವರೆಗೆ ಇವುಗಳಿಂದಲೇ ಶುರು ಮಾಡಬಹುದು. ಆಮೇಲೆ ಸೋಪಿಗೆ ಕೈ ಹಾಕುವುದಾದರೆ ಲೋನ್ ಲೈಸೆನ್ಸ್ ಅಂತ ಒಂದಿದೆ. ಹೆಸರು ಕೇಳಿ ಬ್ಯಾಂಕ್ ಸಾಲ ಅಂದ್ಕೋಬೇಡಿ. ಲೈಸೆನ್ಸ್ ಇರುವ ಬೇರೆಯವರ ಘಟಕದಲ್ಲಿ, ಅವರ ಯಂತ್ರಗಳಲ್ಲೇ ನಿಮ್ಮ ಸರಕು ತಯಾರಿಸೋಕೆ ಕೊಡುವ ಅನುಮತಿ ಅದು.

ಸರ್ಕಾರ ಮನಸ್ಸು ಮಾಡಿದರೆ ತಾಲ್ಲೂಕಿಗೊಂದು ಇಂಥ ಘಟಕ ಕಟ್ಟಿ, ಹತ್ತಾರು ಸಂಘಗಳು ಸರದಿ ಮೇಲೆ ಬಳಸುವಂತೆ ಮಾಡೋದು ಅಸಾಧ್ಯವೇನಲ್ಲ. ಸ್ವಸಹಾಯ ಸಂಘಗಳ ಬಗ್ಗೆ ವೇದಿಕೆ ಮೇಲೆ ಭಾಷಣ ಮಾಡುವ ಸಚಿವರಿಗೆ ನಾನು ಕೇಳೋದು ಇದನ್ನೇ. ಇನ್ನು ತಾಯಂದಿರೇ, ಮುಂದಿನ ವಾರ ಅಂಥ ತರಗತಿಗೆ ಫೀಸು ಕಟ್ಟೋಕೆ ಹೊರಟಿದ್ದೀರಾ? ಕಟ್ಟೋ ಮೊದಲು ಕಲಿಸುವವರ ಸೋಪನ್ನೇ ಕೈಗೆತ್ತಿಕೊಂಡು, ಲೇಬಲ್ ಮೇಲೆ ಲೈಸೆನ್ಸ್ ನಂಬರ್ ಎಲ್ಲಿದೆ ತೋರಿಸಿ ಅಂತ ಕೇಳಿ.