ಹಂಗಾಮಿ ಮಾಸ್ತರ, ಕಾಯಂ ಪ್ರಶ್ನೆ

(ತುಬಚಿಯಲ್ಲಿ ಹಾಸ್ಟೆಲ್ ವಿದ್ಯಾರ್ಥಿಗಳ ಮುಂದೆ ಆಡಿದ ಮಾತು)



ಈ ತುಬಚಿಯ ಕಡೆ ಹಂಗಾಮು ಅಂದರೆ ಕಬ್ಬು ಕಡಿಯುವ ಕಾಲ. ಕಾಲೇಜಿನಲ್ಲಿ ಹಂಗಾಮಿ ಅಂದರೆ ನಾವು. ಕಬ್ಬಿನ ಗ್ಯಾಂಗಿಗೆ ಮುಂಗಡವಾದರೂ ಸಿಗ್ತದ; ಅದು ಸಾಲದ ಕುಣಿಕೆ, ನಮಗೂ ಗೊತ್ತು. ನಮಗೆ ಪಾಠ ಮುಗಿದು ತಿಂಗಳು ಉರುಳಿದರೂ ಕೈಗೆ ರೊಕ್ಕ ಬರೂದಿಲ್ಲ.

ನಾವು ತತ್ವಶಾಸ್ತ್ರದಲ್ಲಿ ಎಂ.ಎ. ಮಾಡಿ, ಆಧುನಿಕ ತತ್ವಶಾಸ್ತ್ರ ಕಲಿಸಲು ಗಂಟೆ ಲೆಕ್ಕದಲ್ಲಿ ಹೋಗುವವರು. ನಮಗೆ 'ಅತಿಥಿ' ಅಂತ ಹೆಸರು. ನಮ್ಮ ಅಪ್ಪ-ಅವ್ವನ್ನ ಊರೊಳಗಿನ ಯಾವ ಮನಿ ಅತಿಥಿ ಅಂತ ಕರೆದಿತ್ತು? ಈಗ ಕರೆದವರೂ ಕುರ್ಚಿ ಕೊಟ್ಟಿಲ್ಲ. ರಾತ್ರಿ ಓದಿದ್ದಕ್ಕೆ ಲೆಕ್ಕವಿಲ್ಲ. ರಜೆ ಬಂದರೆ ನೌಕರಿಗೂ ರಜೆ.

2022ರ ಜನವರಿಯಲ್ಲಿ ಸರ್ಕಾರ ಪದವಿ ಕಾಲೇಜಿನ ಅತಿಥಿಗಳ ಗೌರವಧನವನ್ನು 26,000ದಿಂದ 32,000 ರೂಪಾಯಿವರೆಗಿನ ಮಟ್ಟಕ್ಕೆ ಏರಿಸಿತು. ಜೊತೆಗೆ ವಾರಕ್ಕೆ 15 ಗಂಟೆ ಪಾಠ ಎಂದಿತು. ಇಬ್ಬರು ಹಂಚಿಕೊಂಡಿದ್ದ ಗಂಟೆ ಒಬ್ಬರಿಗಾಯಿತು. ಇನ್ನೊಬ್ಬರು ಮನೆಗೆ ಹೋದರು.

ಕ್ಲಾಸಿನಲ್ಲಿ ನಾವು ಡೆಕಾರ್ಟನ ಪಾಠ ಮಾಡತೀವಿ. ಎಲ್ಲವನ್ನೂ ಸಂಶಯದಿಂದ ನೋಡುವ ದಾರಿಯನ್ನು ಅವನು 1641ರ ಪುಸ್ತಕದಲ್ಲಿ ತೋರಿಸಿದ. ಚಿಂತೆಯಿಲ್ಲದ ಬಿಡುವು ಸಿಕ್ಕ ಮೇಲೆ ಆ ಕೆಲಸಕ್ಕೆ ಕೂತೆ ಅಂತ ಅವನೇ ಹೇಳಿಕೊಂಡಿದ್ದಾನೆ. ನಮಗೆ ಆ ಬಿಡುವು ಎಲ್ಲೈತಿ? ನಿಮಗೆ ಪ್ರಶ್ನೆ ಕೇಳ್ರಿ ಅಂತ ಕಲಿಸಿದ ನಾವೇ ಆಫೀಸಿನಲ್ಲಿ 'ಸಾಹೇಬ್ರ, ಬಿಲ್ ಏನಾತು?' ಅಂತ ಕೇಳಾಕ ಅಂಜತೀವಿ. ಕೇಳಿದವನಿಗೆ ಮುಂದಿನ ವರ್ಷ ಗಂಟೆ ಸಿಗಲಿಕ್ಕಿಲ್ಲ. ಹಂಗಾಮಿ ನೌಕರಿ ಹೊಟ್ಟೆ ಕಟ್ಟುವುದಷ್ಟೇ ಅಲ್ಲ, ಬಾಯಿಯನ್ನೂ ಕಟ್ತದ.

'ಕಾಂಟನೂ ಹಂಗಾಮಿಯೇ ಆಗಿದ್ದ' ಅಂತ ಕೆಲವರು ಸಮಾಧಾನ ಹೇಳ್ತಾರ. ಖರೆ. 1755ರಿಂದ 1770ರವರೆಗೆ ಅವನು ಕಾಯಂ ಪ್ರಾಧ್ಯಾಪಕನಲ್ಲ. ಹೆಚ್ಚಾಗಿ ವಿದ್ಯಾರ್ಥಿಗಳು ಕೊಟ್ಟ ಫೀಯ ಮೇಲೆ ಬದುಕಿದ. ಅವನಪ್ಪ ಕುದುರೆಯ ಜೀನು-ಪಟ್ಟಿ ಹೊಲಿಯುವ ಚರ್ಮದ ಕೆಲಸದವ. ಆದರೆ ಅಲ್ಲಿ ಚರ್ಮ ಹೊಲಿದವನ ಮಗ ಮುಟ್ಟಿದರೆ ನೀರು ಮೈಲಿಗೆಯಾಗುತ್ತಿರಲಿಲ್ಲ. ಇಲ್ಲಿ? 1918ರಲ್ಲಿ ಬಾಬಾಸಾಹೇಬರು ಮುಂಬೈಯ ಸಿಡೆನ್‌ಹ್ಯಾಂ ಕಾಲೇಜಿಗೆ ಪ್ರಾಧ್ಯಾಪಕರಾಗಿ ಹೋದರು. ಪ್ರಾಧ್ಯಾಪಕರ ಕೋಣೆಯ ಕೊಡದ ನೀರು ಅವರು ಕುಡಿಯಬಾರದೆಂದು ಜೊತೆಯವರೇ ತಕರಾರು ತೆಗೆದರು.

ಅದೇ ಬಾಬಾಸಾಹೇಬರು 1928ರಲ್ಲಿ ಮುಂಬೈಯ ಸರ್ಕಾರಿ ಕಾನೂನು ಕಾಲೇಜಿನಲ್ಲಿ ಅರೆಕಾಲಿಕ ಪ್ರಾಧ್ಯಾಪಕರು. ಆ ವರ್ಷವೇ ಸೈಮನ್ ಕಮಿಷನ್ ಮುಂದೆ ನಮ್ಮ ಪರ ಸಾಕ್ಷ್ಯ ನುಡಿದರು. ನೌಕರಿ ಅರೆಕಾಲಿಕ, ಮಾತು ಪೂರಾ.

ನಾವು ಒಬ್ಬೊಬ್ಬರೇ ಅಷ್ಟು ಗಟ್ಟಿಗರಲ್ಲ. ಅದಕ್ಕೇ ಕೂಡಿ ಕೇಳಬೇಕು. ಜಮಖಂಡಿಗೆ 2023ರಲ್ಲಿ ವಿಶ್ವವಿದ್ಯಾಲಯ ಬಂತು ಅಂತ ನಾವೂ ಹಿಗ್ಗಿದೆವು. ಬೋರ್ಡು ಬಂದರೆ ಸಾಲದು. ಕಾಯಂ ಹುದ್ದೆ ಬರಲಿ, ರೋಸ್ಟರ್ ಪ್ರಕಾರ ತುಂಬಲಿ. ಅಲ್ಲಿವರೆಗೆ ತಿಂಗಳ ರೊಕ್ಕ ತಿಂಗಳಿಗೆ ಕೊಡಲಿ.

ಗೆಳೆಯರೆ, ನಾಳೆ ಎಂ.ಎ. ಮುಗಿಸಿ ಈ ಸಾಲಿನಲ್ಲಿ ನಿಲ್ಲುವವರು ನೀವೇ. ನಿಮ್ಮ ಮಾಸ್ತರ ಅಂಜಿ ಸುಮ್ಮನಿದ್ದರೆ ನಗಬ್ಯಾಡ್ರಿ. ಅವನ ಬಾಜೂಕ ಹೋಗಿ ನಿಲ್ಲರಿ. ಪ್ರಶ್ನೆ ಅವನದಷ್ಟೇ ಅಲ್ಲ, ನಿಮ್ಮದೂ ಹೌದು.

ಜೈ ಭೀಮ್.