ಕವಿಯ ಮನೆ

ಗದಗಿನ ವೀರನಾರಾಯಣನ ಗುಡಿಗೆ ಹೋದವರಿಗೆ ಅಲ್ಲಿಯ ಜನ ಒಂದು ಕಂಬವನ್ನು ತೋರಿಸುತ್ತಾರೆ. ಕುಮಾರವ್ಯಾಸನು ಅದರ ಬಳಿ ಕುಳಿತು ಭಾರತವನ್ನು ರಚಿಸಿದನೆಂದು ಪ್ರತೀತಿ. ನಾವು ಭಕ್ತಿಯಿಂದ ಕೈಮುಗಿಯುತ್ತೇವೆ. ಆದರೆ ಮರಳುವಾಗ ಒಂದು ಕೊರತೆ ಮನಸ್ಸಿನಲ್ಲಿ ಉಳಿಯುತ್ತದೆ. ಆ ಮಹಾಕವಿ ಯಾವ ಒಲೆಯ ಮುಂದೆ ಉಂಡನು? ಅವನ ಮನೆಯವರು ಹೇಗೆ ದುಡಿದರು? ಕಂಬವು ಇದಕ್ಕೆ ಉತ್ತರ ಕೊಡಲಾರದು.

ಈ ಕೊರತೆಯನ್ನು ನೀಗಬೇಕೆಂದೇ ಹಿರಿಯರ ಮನೆಗಳನ್ನು ಕಾಯ್ದಿರಿಸುವ ಪದ್ಧತಿ ಬೆಳೆದು ಬಂದಿತು. ಷೇಕ್ಸ್‌ಪಿಯರನು ಹುಟ್ಟಿದ ಮನೆಯನ್ನು 1847ರಲ್ಲಿ ಸಾರ್ವಜನಿಕರು ಚಂದಾ ಕೂಡಿಸಿ ಕೊಂಡರು. ವಿಕ್ಟೋರಿಯಾ ರಾಣಿಯ ಕಾಲದ ಲೇಖಕ ಕಾರ್ಲೈಲನು ಲಂಡನ್ನಿನಲ್ಲಿ ಬಾಳಿದ ಮನೆ 1895ರಲ್ಲಿ ಜನರ ದರ್ಶನಕ್ಕೆ ತೆರೆಯಿತು. ನಮ್ಮ ನಾಡಿನಲ್ಲಿ ಅಂಥ ಮನೆಯನ್ನು ಕಾಣಬೇಕಾದರೆ ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬೇಕು. 1904ರ ಡಿಸೆಂಬರ್ 29ರಂದು ಹಿರೇಕೊಡಿಗೆಯಲ್ಲಿ, ತಾಯಿಯ ತವರಿನಲ್ಲಿ, ಜನಿಸಿದ ಕುವೆಂಪು ಅವರು ಬಾಲ್ಯವನ್ನು ಕಳೆದ ಮನೆ ಅದು. ಅವರ ಹೆಸರಿನ ಪ್ರತಿಷ್ಠಾನವು ಅದನ್ನು ದುರಸ್ತಿಗೊಳಿಸಿ ಕಾಪಾಡಿದೆ.

ಮೂರು ಅಂತಸ್ತಿನ ಮಲೆನಾಡ ಮನೆ. ನಡುವೆ ಅಂಗಳ, ಸುತ್ತಲೂ ಜಗಲಿ, ಕೆತ್ತನೆಯ ಮರದ ಕಂಬಗಳು. ಕವಿಯ ಕೃತಿಗಳ ಜೊತೆಯಲ್ಲಿಯೇ ಅಡಿಗೆಯ ಪಾತ್ರೆಗಳನ್ನೂ ಬೇಸಾಯದ ಉಪಕರಣಗಳನ್ನೂ ಇಟ್ಟಿರುವರು. ಮನೆಯ ಮೇಲಿನ ಗುಡ್ಡವೇ ಕವಿಶೈಲ. 1994ರ ನವೆಂಬರಿನಲ್ಲಿ ಮೈಸೂರಿನಲ್ಲಿ ತೀರಿಕೊಂಡ ಕವಿಯ ದೇಹವನ್ನು ಅಲ್ಲಿಯೇ ಅಗ್ನಿಗೆ ಒಪ್ಪಿಸಿದರು.

2015ರ ನವೆಂಬರಿನಲ್ಲಿ ಕಳ್ಳರು ಈ ಮನೆಗೆ ನುಗ್ಗಿ, ಸರ್ಕಾರವು ಕವಿಗೆ ಕೊಟ್ಟಿದ್ದ ಪದ್ಮ ಪದಕಗಳನ್ನು ಕದ್ದರು. ನಾಡೆಲ್ಲ ಮರುಗಿತು, ಮರುಗಿದುದು ನ್ಯಾಯವೇ. ಆದರೂ ಒಂದು ಮಾತನ್ನು ಯೋಚಿಸೋಣ. ಪದಕವು ಯಾವ ಪೆಟ್ಟಿಗೆಯಲ್ಲಿದ್ದರೂ ಪದಕವೇ. ಒಲೆ, ಒರಳು, ನೊಗ, ನೇಗಿಲು ಹಾಗಲ್ಲ. ಅವು ತಮ್ಮ ಎಡೆಯನ್ನು ಬಿಟ್ಟರೆ ಮೂಕವಾಗುತ್ತವೆ. ‘ಕಾನೂರು ಹೆಗ್ಗಡಿತಿ’ಯಲ್ಲಿಯೂ 1967ರಲ್ಲಿ ಪ್ರಕಟವಾದ ‘ಮಲೆಗಳಲ್ಲಿ ಮದುಮಗಳು’ವಿನಲ್ಲಿಯೂ ಹೆಗ್ಗಡೆಗಳಷ್ಟೇ ಅಲ್ಲ, ಗದ್ದೆಯ ಆಳುಗಳೂ ಅಡಿಗೆಮನೆಯ ಹೆಂಗಸರೂ ಜೀವಂತವಾಗಿದ್ದಾರೆ. ಇಂಥ ಮನೆಯ ಕಂಬವನ್ನು ಹೊಗಳಿ, ಅದರ ಅಂಗಳವನ್ನು ದಿನವೂ ಸಾರಿಸಿದವಳನ್ನು ಮರೆತರೆ ನಾವು ಕವಿಯನ್ನು ಅರೆಯಾಗಿ ಓದಿದಂತಾಯಿತು.

ಶ್ರೋತೃಗಳೇ, ಎಲ್ಲರ ಮನೆಯೂ ಪ್ರದರ್ಶನಶಾಲೆಯಾಗಲಾರದು, ಆಗಬೇಕಾದುದೂ ಇಲ್ಲ. ಆದರೆ ಗದಗು, ಲಕ್ಷ್ಮೇಶ್ವರ, ಮುಂಡರಗಿಗಳ ಹಳೆಯ ಮನೆಗಳಲ್ಲಿ ಪಡಸಾಲೆಯೂ ಹಗೇವೂ ಇದ್ದುದನ್ನು ಕಂಡವರು ನಿಮ್ಮಲ್ಲಿ ಇನ್ನೂ ಇದ್ದೀರಿ. ಅಂಥ ಮನೆಗಳ ಕಂಬ ಬಾಗಿಲುಗಳು ಇಂದು ಮಾರಾಟವಾಗಿ ಪಟ್ಟಣದ ಹೋಟೆಲುಗಳಿಗೆ ಅಲಂಕಾರವಾಗುತ್ತಿವೆ. ಮನೆ ಬಿಚ್ಚುವುದು ಅನಿವಾರ್ಯವಾದರೆ ಬಿಚ್ಚಿರಿ. ಅದಕ್ಕೆ ಮೊದಲು ಮನೆಯ ಹಿರಿಯಳನ್ನು ಪಡಸಾಲೆಯಲ್ಲಿ ಕೂರಿಸಿ, ಯಾವ ಕೋಣೆಗೆ ಏನು ಹೆಸರು, ಬೀಸುವ ಕಲ್ಲು ಎಲ್ಲಿತ್ತು, ಅಲ್ಲಿ ಯಾರು ಬೀಸಿದರು ಎಂಬುದನ್ನು ಕೇಳಿ ಬರೆದಿಡಿರಿ. ಮುಂದಿನವರಿಗೆ ಬರಿಯ ಕಂಬವೊಂದೇ ಉಳಿಯದಿರಲಿ.